ಬೆಳ್ಳಿಯ ಬೆನ್ನಿನ ಮುದ್ರೆ

ಹಳೆಯ ಬೆಳ್ಳಿಗೆ ಬೆಳಕು ಕಾಣುವ ಯೋಗ ಬರುವುದು ಎರಡೇ ಸಂದರ್ಭಗಳಲ್ಲಿ. ಒಂದು ಹಬ್ಬ ಮದುವೆ. ಇನ್ನೊಂದು ಪಾಲು ಪಂಚಾಯಿತಿ. ಮೊದಲನೆಯ ಸಂದರ್ಭದಲ್ಲಿ ಅದನ್ನು ವಿಭೂತಿಯಿಂದ ತಿಕ್ಕಿ ತೊಳೆದು, ತೊಟ್ಟು ಮೆರೆದು, ಮತ್ತೆ ಪೆಟ್ಟಿಗೆಯಲ್ಲಿಡುತ್ತೇವೆ. ಎರಡನೆಯ ಸಂದರ್ಭದಲ್ಲಿ ಅದು ಅರಿವೆಯ ಗಂಟಿನಲ್ಲಿ ಸರಾಫರ ಅಂಗಡಿಗೆ ಹೋಗುತ್ತದೆ, ತಕ್ಕಡಿಗೆ ಏರುತ್ತದೆ, ಮೂಸೆಗೆ ಇಳಿಯುತ್ತದೆ. ಅಜ್ಜಿಯ ಕಾಲ್ಗಡಗವೂ ಅಜ್ಜನ ಗಡಿಯಾರದ ಸರಪಣಿಯೂ ಅಲ್ಲಿ ಒಂದೇ ಗಟ್ಟಿಯಾಗಿ ಹೊರಬರುತ್ತವೆ. ಬೆಳ್ಳಿಯ ಬೆಲೆ ಏರಿದ ವರ್ಷಗಳಲ್ಲಂತೂ ಈ ಪಯಣ ಇನ್ನೂ ಶೀಘ್ರವಾಗುತ್ತದೆ.

ಕಷ್ಟಕಾಲಕ್ಕೆ ಒದಗಲೆಂದೇ ಹಿರಿಯರು ಬೆಳ್ಳಿಯನ್ನು ಕೂಡಿಟ್ಟರು. ಆ ಕಾಲ ಬಂದಾಗ ಮಾರುವುದು ತಪ್ಪಲ್ಲ. ಆದರೆ ತಕ್ಕಡಿಗೆ ತಿಳಿಯುವುದು ತೂಕವೊಂದೇ. ಆ ಒಡವೆಯನ್ನು ಮಾಡಿದವರು ಯಾರು, ಮಾಡಿದ್ದು ಎಲ್ಲಿ, ಯಾವಾಗ, ಅದರಲ್ಲಿ ಬೆಳ್ಳಿಯ ಪಾಲೆಷ್ಟು ಎಂಬ ವಿವರಗಳು ಕೆಲವು ಸಲ ಅದರ ಬೆನ್ನ ಮೇಲೆಯೇ, ಎಳ್ಳುಕಾಳಿನಷ್ಟು ಚಿಕ್ಕ ಮುದ್ರೆಗಳಲ್ಲಿ ಬರೆದಿರುತ್ತವೆ. ಓದಲರಿಯದವರಿಗೆ ಎರಡು ಬಗೆಯ ನಷ್ಟ. ಅಪರೂಪದ ವಸ್ತುವನ್ನು ಹರಕು ಬೆಳ್ಳಿಯ ಬೆಲೆಗೆ ಕೊಟ್ಟುಬಿಡುವುದು ಒಂದು. ಬೆಳ್ಳಿಯೇ ಅಲ್ಲದ್ದನ್ನು ಬೆಳ್ಳಿಯೆಂದು ನಂಬಿ ಪಾಲಿಗೆ ತೆಗೆದುಕೊಳ್ಳುವುದು ಇನ್ನೊಂದು. ಈ ಎರಡನೆಯದು ಹಣವನ್ನಷ್ಟೇ ಅಲ್ಲ, ಒಡಹುಟ್ಟಿದವರ ನಡುವಣ ಮಾತನ್ನೂ ಕಳೆಯುವಂಥದು. ಆದುದರಿಂದ ಈ ವಾರ ಆ ಓದನ್ನು ಸ್ವಲ್ಪ ಅಭ್ಯಾಸ ಮಾಡೋಣ.

ಇದು ನಮ್ಮ ಗೃಹಿಣಿಯರಿಗೆ ತೀರ ಅಪರಿಚಿತವಾದ ವಿದ್ಯೆಯೇನೂ ಅಲ್ಲ. ಇಳಕಲ್ ಸೀರೆಯನ್ನು ಕೊಳ್ಳುವ ಜಾಣೆ ಮೈಬಣ್ಣಕ್ಕೆ ಮರುಳಾಗುವುದಿಲ್ಲ. ಸೆರಗು ಮೈಯನ್ನು ಕೂಡುವ ಜಾಗವನ್ನು ತಿರುವಿ ನೋಡುತ್ತಾಳೆ. ಮೈಯ ಹಾಸಿನ ಎಳೆಗಳನ್ನೂ ಸೆರಗಿನ ಹಾಸಿನ ಎಳೆಗಳನ್ನೂ ಕೊಂಡಿ ಹಾಕಿ ಕೂಡಿಸಿದ್ದರೆ ಅದು ಇಳಕಲ್ಲಿನ ಕೈಕೆಲಸವೆಂದು ಆಕೆಗೆ ಭರವಸೆ. ಬೆಳ್ಳಿಯ ವಿಷಯವೂ ಹಾಗೆಯೇ. ಮುಖ ಮರುಳು ಮಾಡೀತು. ಬೆನ್ನು ನಿಜ ಹೇಳೀತು.

ಬೆನ್ನಿಗೆ ಮುದ್ರೆಯೊತ್ತುವ ಪದ್ಧತಿಯನ್ನು ಬಹುಕಾಲದಿಂದ ಕಟ್ಟುನಿಟ್ಟಾಗಿ ನಡೆಸಿಕೊಂಡು ಬಂದ ದೇಶ ಇಂಗ್ಲೆಂಡು. 1300ರಲ್ಲಿ ಅಲ್ಲಿಯ ದೊರೆ ಒಂದನೆಯ ಎಡ್ವರ್ಡನು, ಬೆಳ್ಳಿಯ ಸಾಮಾನು ನಾಣ್ಯದ ಬೆಳ್ಳಿಗಿಂತ ಕೀಳಾಗಿರಕೂಡದೆಂದೂ, ಪರೀಕ್ಷೆಯಲ್ಲಿ ಗೆದ್ದ ವಸ್ತುವಿಗೆ ಚಿರತೆಯ ತಲೆಯ ಮುದ್ರೆಯನ್ನು ಒತ್ತಬೇಕೆಂದೂ ಕಟ್ಟಳೆ ಮಾಡಿದನು. ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ. ಇದನ್ನೇ ಸ್ಟರ್ಲಿಂಗ್ ಬೆಳ್ಳಿ ಎನ್ನುವುದು. 1363ರಲ್ಲಿ, ಮಾಡಿದವನು ತನ್ನ ಸ್ವಂತ ಗುರುತನ್ನೂ ಒತ್ತಬೇಕೆಂಬ ನಿಯಮ ಬಂದಿತು. 1478ರಿಂದ ವರ್ಷಕ್ಕೊಂದು ಅಕ್ಷರ ಸೇರಿತು. 1544ರಿಂದ ನಡೆಯುವ ಸಿಂಹದ ಮುದ್ರೆ ಕಾಣಿಸಿಕೊಂಡಿತು. ಲಂಡನ್ನಿನ ಅಕ್ಕಸಾಲಿಗರ ಸಂಘದ ಸಭಾಭವನದಲ್ಲಿ ಈ ಪರೀಕ್ಷೆ ನಡೆಯುತ್ತಿದ್ದುದರಿಂದ, ಭವನಕ್ಕೆ ಅವರ ಭಾಷೆಯಲ್ಲಿರುವ ‘ಹಾಲ್’ ಎಂಬ ಪದವೇ ಸೇರಿ ‘ಹಾಲ್‌ಮಾರ್ಕ್’ ಎಂಬ ಮಾತು ಹುಟ್ಟಿತು.

ಹೀಗಾಗಿ ಇಂಗ್ಲಿಷ್ ಬೆಳ್ಳಿಯ ಮೇಲೆ ಸಾಮಾನ್ಯವಾಗಿ ನಾಲ್ಕು ಗುರುತುಗಳು ಸಾಲಾಗಿ ಇರುತ್ತವೆ. ಒಂದು ಮುಂಗಾಲೆತ್ತಿ ನಡೆಯುವ ಸಿಂಹ. ಇದು ಸ್ಟರ್ಲಿಂಗ್ ಬೆಳ್ಳಿಯೆಂಬುದಕ್ಕೆ ಸಾಕ್ಷಿ. ಎರಡನೆಯದು ಪರೀಕ್ಷೆ ನಡೆದ ಊರಿನ ಚಿಹ್ನೆ: ಚಿರತೆಯ ತಲೆ ಲಂಡನ್ನಿಗೆ, ಲಂಗರು ಬರ್ಮಿಂಗ್‌ಹ್ಯಾಮಿಗೆ, ಕಿರೀಟ ಶೆಫೀಲ್ಡಿಗೆ. ಈ ಕಡೆಯ ಎರಡು ಊರುಗಳಿಗೆ ಪರೀಕ್ಷೆಯ ಅಧಿಕಾರ ದೊರೆತದ್ದು 1773ರಲ್ಲಿ. ಶೆಫೀಲ್ಡಿನ ಕಿರೀಟದ ಬದಲು 1975ರಿಂದ ಗುಲಾಬಿ ಹೂ ಬಂದಿದೆ. ಮೂರನೆಯದು ವರ್ಷದ ಅಕ್ಷರ. ನಾಲ್ಕನೆಯದು ಮಾಡಿದವನ ಹೆಸರಿನ ಮೊದಲಕ್ಷರಗಳು. ಇವುಗಳ ಜೊತೆಗೆ ರಾಜನ ಅಥವಾ ರಾಣಿಯ ಪುಟ್ಟ ತಲೆಯೂ ಇದ್ದರೆ ಅದು ಸುಂಕ ಸಂದಾಯವಾದುದರ ರಸೀದಿ. ಆ ಸುಂಕದ ಮುದ್ರೆ 1784ರಿಂದ 1890ರ ವರೆಗೆ ಇದ್ದುದರಿಂದ, ತಲೆಯಿರುವ ವಸ್ತು ಆ ಅವಧಿಯದೆಂದು ತಿಳಿಯಬಹುದು. ವರ್ಷದ ಅಕ್ಷರಮಾಲೆ ಊರಿಂದೂರಿಗೆ ಬೇರೆಯಾದುದರಿಂದ ಅಕ್ಷರವೊಂದನ್ನೇ ನೋಡಿ ವರ್ಷ ಹೇಳಲಾಗದು. ಊರಿನ ಚಿಹ್ನೆಯನ್ನೂ ಅಕ್ಷರದ ಆಕಾರವನ್ನೂ ಅದರ ಸುತ್ತಣ ಚೌಕಟ್ಟನ್ನೂ ಕೂಡಿಸಿ ಕೋಷ್ಟಕದೊಡನೆ ತಾಳೆ ನೋಡಬೇಕು. ಇಂಥ ಕೋಷ್ಟಕಗಳು ಅಚ್ಚಾದ ಪುಸ್ತಕಗಳಲ್ಲಿ ಸಿಗುತ್ತವೆ.

ಈ ಏರ್ಪಾಡಿನ ಹುರುಳೆಲ್ಲ ಇರುವುದು ನಾಲ್ಕನೆಯ ಗುರುತಿನಲ್ಲಿ. ಬೆಳ್ಳಿಗೆ ತಾಮ್ರ ಹೆಚ್ಚು ಬೆರಸಿದರೆ ಕಣ್ಣಿಗೆ ಕಾಣದು. ಕೊಂಡವಳಿಗೆ ಅದು ತಿಳಿಯುವುದು ಮಾರಲು ಹೋದ ದಿನ, ಅಂದರೆ ಅತ್ಯಂತ ಅಸಹಾಯಳಾದ ದಿನ. ಆ ದಿನ ಹೊಣೆ ಹೊರಬೇಕಾದವನು ಯಾರು? ಮಾಡಿದವನ ಗುರುತು ಅದಕ್ಕೆ ಉತ್ತರ. ಅದು ಕಲಾವಿದನ ಹೆಮ್ಮೆಯ ಸಹಿಯಲ್ಲ; ಜಾಮೀನುದಾರನ ರುಜು.

ಹಾಗಾದರೆ ನಮ್ಮ ಪತ್ತಾರರು ತಮ್ಮ ಹೆಸರನ್ನು ಏಕೆ ಒತ್ತಲಿಲ್ಲ? ಹೆಸರು ಬರೆಯುವುದು ನಮ್ಮ ಸೀಮೆಯ ಕುಶಲಿಗಳಿಗೆ ತಿಳಿಯದ ಸಂಗತಿಯಾಗಿರಲಿಲ್ಲ. ಬಾದಾಮಿಯ ಸಮೀಪದ ಪಟ್ಟದಕಲ್ಲಿಗೆ ಹೋದವರು ವಿರೂಪಾಕ್ಷ ದೇವಾಲಯದ ಶಾಸನದಲ್ಲಿ ಗುಂಡ ಅನಿವಾರಿತಾಚಾರಿ ಎಂಬ ಸೂತ್ರಧಾರಿಯ ಹೆಸರನ್ನೂ, ಪಾಪನಾಥ ದೇವಾಲಯದಲ್ಲಿ ರೇವಡಿ ಓವಜ್ಜನ ಹೆಸರನ್ನೂ ಇಂದಿಗೂ ಕಾಣಬಹುದು. ಅವರು 8ನೆಯ ಶತಮಾನದ ಶಿಲ್ಪಿಗಳು. ಹುನಗುಂದ ಸೀಮೆಯ ಐಹೊಳೆಯಲ್ಲಿಯೂ ನರಸೊಬ್ಬನೆಂಬ ಶಿಲ್ಪಿಯ ಹೆಸರು ಕಲ್ಲಿನ ಮೇಲೆ ಉಳಿದಿದೆ. ಕಲ್ಲಿನ ಕೆಲಸಗಾರನು ಮಾಡಿದ್ದು ದೂರದಿಂದ ಬರುವ ಅಪರಿಚಿತರ ಕಣ್ಣಿಗೆ. ಅವನಿಗೆ ಹೆಸರು ಬೇಕಾಯಿತು. ಊರಿನ ಪತ್ತಾರನು ಮಾಡಿದ್ದು ಪರಿಚಿತರ ಮೈಗೆ. ಕಾಲುಂಗುರವಾಗಲಿ, ಡಾಬಾಗಲಿ, ಲಿಂಗದ ಕರಡಿಗೆಯಾಗಲಿ, ಬೆಳ್ಳಿಯನ್ನು ಕೊಟ್ಟವರ ಎದುರಿಗೇ ಕರಗಿಸಿ, ಎದುರಿಗೇ ಬಡಿದು ಕೊಡುತ್ತಿದ್ದನು. ಅವನ ತಂದೆ ಇವರ ತಂದೆಗೆ ಮಾಡಿದ್ದನು. ಅವನ ಮಗ ಇವರ ಮಗನಿಗೆ ಮಾಡುವವನಿದ್ದನು. ಅವನ ಮುಖವೇ ಅವನ ಮುದ್ರೆ.

ಆದರೆ ಪರೀಕ್ಷಿಸಿ ಗುರುತು ಹಾಕುವ ಪದ್ಧತಿ ನಮ್ಮಲ್ಲಿಯೂ ಇದ್ದೇ ಇತ್ತು. ಅದು ಒಡವೆಯ ಮೇಲಲ್ಲ, ನಾಣ್ಯದ ಮೇಲೆ. ಮರಾಠರ ಕಾಲದಲ್ಲಿ ಬಾಗಲಕೋಟೆಯಲ್ಲಿಯೇ ಟಂಕಸಾಲೆಯಿದ್ದು ಅಲ್ಲಿ ರೂಪಾಯಿ ಅಚ್ಚಾಗುತ್ತಿತ್ತು. ಹತ್ತೂರಿನ ಹತ್ತು ಬಗೆಯ ರೂಪಾಯಿಗಳು ಸಂತೆಯಲ್ಲಿ ಓಡಾಡುತ್ತಿದ್ದ ಆ ದಿನಗಳಲ್ಲಿ ಸರಾಫನು ಒಂದೊಂದನ್ನೂ ತೂಗಿ, ಒರೆಗೆ ಹಚ್ಚಿ, ಒಪ್ಪಿದ್ದಕ್ಕೆ ತನ್ನ ಸಣ್ಣ ಛಾಪನ್ನು ಹೊಡೆಯುತ್ತಿದ್ದನು. ಕೀಳಾದುದಕ್ಕೆ ವಟ್ಟ ಹಿಡಿಯುತ್ತಿದ್ದನು. ಹಳೆಯ ರೂಪಾಯಿಯ ಮೇಲೆ ಹೂವಿನಂಥ, ಚುಕ್ಕೆಯಂಥ, ಅರ್ಧಚಂದ್ರದಂಥ ತೂತುಗುರುತುಗಳನ್ನು ಕಂಡು “ನಾಣ್ಯ ಕೆಟ್ಟಿದೆ” ಎಂದು ಅನೇಕರು ಬೇಸರಪಡುವುದುಂಟು. ಅದು ಕೆಟ್ಟದ್ದಲ್ಲ. ಪರೀಕ್ಷೆಯಲ್ಲಿ ಗೆದ್ದುದಕ್ಕೆ ಸರಾಫನು ಕೊಟ್ಟ ಪ್ರಮಾಣಪತ್ರವದು.

ಇನ್ನು ಯೂರೋಪಿನ ಬೆಳ್ಳಿ ಈ ಸೀಮೆಗೆ ಬಂದ ಬಗೆಯನ್ನು ನೋಡೋಣ. ಬಾಗಲಕೋಟೆಯ ಹತ್ತಿರದ ಕಲಾದಗಿ ಇಂದು ದಾಳಿಂಬೆಗೆ ಹೆಸರಾದ ಊರು. 1885ರ ವರೆಗೆ ಅದೇ ಜಿಲ್ಲೆಯ ಮುಖ್ಯಸ್ಥಳ. ಜಿಲ್ಲೆಗೂ ಅದರದೇ ಹೆಸರು. ಅಲ್ಲಿ ಇಂಗ್ಲಿಷ್ ದಂಡೂ ಇತ್ತು, ಸಾಹೇಬರೂ ಇದ್ದರು. ಗುಳೇದಗುಡ್ಡದಲ್ಲಿ ಬಾಸೆಲ್ ಮಿಶನ್ನಿನ ಜರ್ಮನ್ ಮತ್ತು ಸ್ವಿಸ್ ಪಾದ್ರಿಗಳು ನೆಲೆಸಿದ್ದರು. ಮುಂಬಯಿಯ ಅರಳೆಯ ವ್ಯಾಪಾರ ಬಾಗಲಕೋಟೆಯ ಪೇಟೆಯನ್ನು ಹಡಗಿನ ದಾರಿಗೆ ಜೋಡಿಸಿತು. ಹೀಗೆ ಬಂದ ವಸ್ತುಗಳಲ್ಲಿ ನಮ್ಮ ಮನೆಗಳನ್ನು ಹೆಚ್ಚಾಗಿ ಹೊಕ್ಕವು ಕಿಸೆಗಡಿಯಾರ ಮತ್ತು ಅದರ ಸರಪಣಿ. ಕೋಟಿನ ಗುಂಡಿಯಿಂದ ಕಿಸೆಗೆ ಇಳಿಬಿದ್ದ ಆ ಸರಪಣಿ ವಕೀಲರಿಗೂ ದಲ್ಲಾಳಿಗಳಿಗೂ ಶಾಲಾ ಮಾಸ್ತರರಿಗೂ ಮರ್ಯಾದೆಯ ಲಕ್ಷಣವಾಗಿತ್ತು. ಗಡಿಯಾರ ನಿಂತುಹೋದ ಬಳಿಕ ಸರಪಣಿ ಕೊರಳಿನದಾಯಿತು, ಮಗುವಿನ ಉಡಿದಾರವಾಯಿತು, ಬೀಗದ ಕೈಗೊಂಚಲಿಗೆ ತೂಗುಬಿದ್ದಿತು.

ಇಂಥ ಸರಪಣಿ ನಿಮ್ಮಲ್ಲಿದ್ದರೆ ಅದರ ಒಂದೊಂದು ಕೊಂಡಿಯನ್ನೂ ನೋಡಿರಿ. ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟನ ಹೆಸರಿನಿಂದ ಕರೆಯಲಾಗುವ ಇಂಗ್ಲಿಷ್ ಬೆಳ್ಳಿ ಸರಪಣಿಗಳಲ್ಲಿ ಸಾಮಾನ್ಯವಾಗಿ ಪ್ರತಿಯೊಂದು ಕೊಂಡಿಗೂ ಸಿಂಹದ ಮುದ್ರೆಯಿರುತ್ತದೆ. ಇದು ಆಡಂಬರವಲ್ಲ. ಸರಪಣಿಯನ್ನು ತುಂಡರಿಸಿ ನಡುವೆ ಕೀಳು ಕೊಂಡಿಗಳನ್ನು ಸೇರಿಸಿದರೆ ಕೂಡಲೆ ಪತ್ತೆಯಾಗಬೇಕೆಂಬ ಎಚ್ಚರ. ಆದುದರಿಂದ ನಡುವೆ ನಾಲ್ಕು ಕೊಂಡಿಗಳಿಗೆ ಸಿಂಹವಿಲ್ಲವೆಂದರೆ ಅದು ಎಂದೋ ತುಂಡಾಗಿ ಜೋಡಣೆಗೊಂಡಿದೆ ಎಂದು ಊಹಿಸಬಹುದು. ಪೂರ್ಣ ಸಾಲಿನ ಮುದ್ರೆಗಳನ್ನು ಹುಡುಕಬೇಕಾದದ್ದು ಸರಪಣಿಯ ಅಡ್ಡಕಡ್ಡಿಯ ಮೇಲೆ.

ಗಡಿಯಾರದ ಕವಚ ಬಹುಮಟ್ಟಿಗೆ ಸ್ವಿಟ್ಸರ್ಲೆಂಡಿನದು. ಅಲ್ಲಿಯ 1880ರ ಕಾನೂನಿನಂತೆ, ಕವಚದೊಳಗೆ ಕಾಡುಕೋಳಿಯ ಜಾತಿಯ ಹಕ್ಕಿಯ ಮುದ್ರೆಯಿದ್ದರೆ ಬೆಳ್ಳಿ ಸಾವಿರಕ್ಕೆ 800 ಪಾಲು. ನಿಂತ ಕರಡಿಯಿದ್ದರೆ 875. ಮೂರು ಕರಡಿಗಳಿದ್ದರೆ 935. ಫ್ರಾನ್ಸಿನ ಬೆಳ್ಳಿಗೆ 1838ರಿಂದ ಮಿನರ್ವಾ ದೇವಿಯ ಶಿರಸ್ತ್ರಾಣಧಾರಿ ತಲೆ. ಅದರ ಬಳಿ 1 ಎಂಬ ಅಂಕೆಯಿದ್ದರೆ 950, 2 ಇದ್ದರೆ 800. ಸಣ್ಣ ಒಡವೆಗಳಲ್ಲಿ ಆ ತಲೆಗೆ ಬದಲಾಗಿ ಪ್ಯಾರಿಸಿನದಕ್ಕೆ ಕಾಡುಹಂದಿಯ ತಲೆ, ಹೊರ ಊರುಗಳದಕ್ಕೆ ಏಡಿ. ಫ್ರೆಂಚ್ ಕುಶಲಿಯ ಗುರುತು ಇಸ್ಪೀಟಿನ ಡೈಮನ್ ಎಲೆಯ ಆಕಾರದ ಚೌಕಟ್ಟಿನೊಳಗೆ ಇರುತ್ತದೆ. ಇದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಜರ್ಮನಿಯದಾದರೆ 1888ರಿಂದ ಅರ್ಧಚಂದ್ರ, ಕಿರೀಟ, ಜೊತೆಗೆ 800 ಅಥವಾ ಅದಕ್ಕೆ ಮೇಲ್ಪಟ್ಟ ಅಂಕೆ. ಹಳೆಯ ರಷ್ಯದ ವಸ್ತುವಿನ ಮೇಲೆ 84 ಎಂದಿದ್ದರೆ ಅದನ್ನು ನೂರಕ್ಕೆಂದು ತಿಳಿಯಬಾರದು. ಅವರ ಲೆಕ್ಕ 96ಕ್ಕೆ. ಅಂದರೆ ಸಾವಿರಕ್ಕೆ 875.

ಒಂದು ಮಾತು ನೆನಪಿರಲಿ. ಇಂಗ್ಲೆಂಡಿನಲ್ಲಿ ಬಹಳ ಚಿಕ್ಕ ಒಡವೆಗಳಿಗೆ ಮುದ್ರೆಯಿಂದ ವಿನಾಯಿತಿಯಿತ್ತು. ಮುದ್ರೆಯಿಲ್ಲವೆಂದ ಮಾತ್ರಕ್ಕೆ ಬೆಳ್ಳಿಯಲ್ಲವೆಂದಾಗದು. ಇದಕ್ಕಿಂತ ಮುಖ್ಯವಾದದ್ದು, ಮುದ್ರೆಯಿದೆಯೆಂದ ಮಾತ್ರಕ್ಕೆ ಬೆಳ್ಳಿಯೆಂದೂ ಆಗದು.

ಈ ಎರಡನೆಯ ಎಚ್ಚರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್‌ಟನ್ ಮನೆತನದವರು ವಿದ್ಯುತ್ತಿನಿಂದ ಬೆಳ್ಳಿಯ ಮುಲಾಮು ಹಚ್ಚುವ ಕ್ರಮಕ್ಕೆ ಹಕ್ಕು ಪಡೆದರು. ಅಂದಿನಿಂದ ಕಡಿಮೆ ಬೆಲೆಯ ಲೋಹದ ಮೇಲೆ ತೆಳ್ಳನೆಯ ಬೆಳ್ಳಿಯ ಪೊರೆಯಿರುವ ಸಾಮಾನು ಲೋಕವನ್ನೆಲ್ಲ ತುಂಬಿತು. ಅವುಗಳ ಬೆನ್ನಿನ ಮೇಲೆ ಇ, ಪಿ, ಎನ್, ಎಸ್ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದು ಪುಟ್ಟ ಚೌಕಟ್ಟಿನಲ್ಲಿ, ಥೇಟು ಹಾಲ್‌ಮಾರ್ಕಿನ ಸಾಲಿನಂತೆಯೇ ಒತ್ತಿರುತ್ತಾರೆ. ಅದರ ಅರ್ಥ, ನಿಕ್ಕಲ್ ಸಿಲ್ವರಿನ ಮೇಲೆ ಬೆಳ್ಳಿಯ ಮುಲಾಮು ಎಂದಷ್ಟೆ. ನಿಕ್ಕಲ್ ಸಿಲ್ವರ್ ಎಂದರೂ ಜರ್ಮನ್ ಸಿಲ್ವರ್ ಎಂದರೂ ಒಂದೇ. ತಾಮ್ರ, ಸತು, ನಿಕ್ಕಲ್ ಕೂಡಿದ ಮಿಶ್ರಲೋಹ. ಹೆಸರಿನಲ್ಲಿ ಬೆಳ್ಳಿಯುಂಟು, ಮೈಯಲ್ಲಿ ಒಂದು ಗುಲಗಂಜಿಯೂ ಇಲ್ಲ. ನಮ್ಮ ಎಷ್ಟೋ ಮನೆಗಳ ಅತ್ತರದಾನಿ, ಗುಲಾಬದಾನಿ, ತಟ್ಟೆಗಳು ಈ ಜಾತಿಯವು. ‘ಅರ್ಜೆಂಟಾನ್’, ‘ಆಲ್ಪಕ’ ಎಂಬ ಬರಹಗಳೂ ಅದೇ ಲೋಹದ ಬೇರೆ ಹೆಸರುಗಳು. ಪಾಲು ಮಾಡುವಾಗ ಇವನ್ನು ಬೆಳ್ಳಿಯ ರಾಶಿಗೆ ಹಾಕಿದರೆ, ತೂಕ ಸರಿಯಾದರೂ ನ್ಯಾಯ ಸರಿಯಾಗದು.

ಈಗ ನಮ್ಮವೇ ಆದ ಒಡವೆಗಳಿಗೆ ಮರಳೋಣ. ರೂಪಾಯಿಗೆ ಕೊಂಡಿ ಬೆಸೆದು ಪೋಣಿಸಿದ ಸರಗಳು ಈ ಭಾಗದಲ್ಲಿ ವಿರಳವಲ್ಲ. ಅಂಥ ಸರದಲ್ಲಿ ಒಂದೊಂದು ನಾಣ್ಯವೂ ತನ್ನ ಹಾಲ್‌ಮಾರ್ಕನ್ನು ತಾನೇ ಹೊತ್ತಿರುತ್ತದೆ, ಅದೇ ಇಸವಿ. 1835ರಿಂದ 1939ರ ವರೆಗಿನ ಸರಕಾರಿ ರೂಪಾಯಿ, ಅಂದರೆ ನಮ್ಮ ಹಿರಿಯರ ಕಲ್ದಾರ, ಒಂದು ತೊಲ ತೂಕದ್ದು, 11.66 ಗ್ರಾಂ, ಅದರಲ್ಲಿ ಹನ್ನೆರಡಕ್ಕೆ ಹನ್ನೊಂದು ಪಾಲು ಬೆಳ್ಳಿ. ಅಂದರೆ ಸುಮಾರು 10.7 ಗ್ರಾಂ. ಎರಡನೆಯ ಮಹಾಯುದ್ಧ ಬಂದಿತು. 1940ರಿಂದ ಬೆಳ್ಳಿಯನ್ನು ಅರ್ಧಕ್ಕಿಳಿಸಿದರು. ತೂಕ ಅದೇ, ರಾಜನ ಮುಖ ಅದೇ. ಬೆಳ್ಳಿ ಮಾತ್ರ 5.83 ಗ್ರಾಂ. ಈ ಅರೆಬೆಳ್ಳಿಯ ರೂಪಾಯಿಯ ಅಂಚಿನ ಹಲ್ಲುಗೀರುಗಳ ನಡುವೆ ಸುತ್ತಲೂ ಒಂದು ಕಾಲುವೆಯಂತಹ ಗೆರೆಯಿರುತ್ತದೆ. ಇಸವಿ ಸವೆದಿದ್ದರೂ ಬೆರಳಿನ ಉಗುರಿಗೆ ಅದು ಸಿಕ್ಕುತ್ತದೆ. 1947ರ ರೂಪಾಯಿಯಂತೂ ಶುದ್ಧ ನಿಕ್ಕಲ್. ಹುನಗುಂದ, ಇಳಕಲ್ಲುಗಳು ಹಿಂದಿನ ನಿಜಾಮರ ಗಡಿಗೆ ಸಮೀಪವಾದುದರಿಂದ ಅಲ್ಲಿಯ ಸರಗಳಲ್ಲಿ ಚಾರ್‌ಮಿನಾರಿನ ಚಿತ್ರವಿರುವ ಹಾಲಿ ಸಿಕ್ಕಾ ರೂಪಾಯಿಯೂ ಸೇರಿಕೊಂಡಿರುವುದು ಸಹಜ. ಅದರ ತೂಕ 11.18 ಗ್ರಾಂ, ಬೆಳ್ಳಿ ಸಾವಿರಕ್ಕೆ 818 ಪಾಲು. ಒಂದೇ ಸರದ ಇಪ್ಪತ್ತು ನಾಣ್ಯಗಳಲ್ಲಿ ಮೂರು ದರ್ಜೆಯ ಬೆಳ್ಳಿಯಿರಬಹುದೆಂಬುದನ್ನು ಅರಿಯದೆ ಅದನ್ನು ಇಡಿಯಾಗಿ ತೂಗಿಸಿದರೆ, ಅಂಗಡಿಯವರು ಅತಿ ಕೀಳಾದುದರ ದರವನ್ನೇ ಎಲ್ಲಕ್ಕೂ ಹಿಡಿದಾರು. ಇನ್ನೊಂದು ಸಂಗತಿ: 1939ರ ಇಸವಿಯ ರೂಪಾಯಿ ಅತಿ ವಿರಳ. ಬೆಸುಗೆಯಿಲ್ಲದೆ ಉಳಿದಿದ್ದರೆ ಸಂಗ್ರಾಹಕರು ಅದಕ್ಕೆ ಬೆಳ್ಳಿಯ ಹಲವು ಪಟ್ಟು ಬೆಲೆ ಕೊಡುತ್ತಾರೆ. ಆ ಕಾರಣದಿಂದಲೇ ಅದರ ನಕಲಿಗಳೂ ಬಹಳ.

ಪೆಟ್ಟಿಗೆಯ ತಳದಲ್ಲಿ ಕೆಲವೊಮ್ಮೆ ಇನ್ನೊಂದು ದುಂಡು ಬಿಲ್ಲೆ ಸಿಗುತ್ತದೆ. ರೂಪಾಯಿಗಿಂತ ದೊಡ್ಡದು. ಒಂದು ಕಡೆ ಐದನೆಯ ಜಾರ್ಜನ ತಲೆ, ಇನ್ನೊಂದು ಕಡೆ ಕುದುರೆಯ ಮೇಲೆ ಕುಳಿತ ಬತ್ತಲೆ ವೀರ, 1914 ಮತ್ತು 1918 ಎಂಬ ಇಸವಿಗಳು. ಇದು ಮೊದಲನೆಯ ಮಹಾಯುದ್ಧದ ಬೆಳ್ಳಿಯ ಪದಕ. ಕಂಡವರು ಇದನ್ನು ಹಳೆಯ ನಾಣ್ಯವೆಂದು ಕರಗಿಸಿಬಿಡುತ್ತಾರೆ. ದಯಮಾಡಿ ಮೊದಲು ಅದರ ಅಂಚನ್ನು ಓದಿರಿ. ಅಂಚಿನ ಸುತ್ತ ಸಿಪಾಯಿಯ ನಂಬರು, ದರ್ಜೆ, ಹೆಸರು, ಪಲ್ಟಣ ಇಷ್ಟೂ ಇಂಗ್ಲಿಷಿನಲ್ಲಿ ಒತ್ತಿರುತ್ತವೆ. ಮರಾಠಾ ಪಲ್ಟಣಗಳಿಗೆ ಸೇರಿ ಮೆಸೊಪೊಟೇಮಿಯದ ಮರಳಿಗೆ ಹೋದ ಉತ್ತರ ಕರ್ನಾಟಕದ ಎಷ್ಟೋ ತರುಣರಿಗೆ, ತಮ್ಮ ಹೆಸರು ಲೋಹದ ಮೇಲೆ ಬಂದದ್ದು ಅದೊಂದೇ ಸಲ. ಮನೆಯವರಿಗೆ ಪಟವಿಲ್ಲ, ಪತ್ರವಿಲ್ಲ. ಉಳಿದ ದಾಖಲೆ ಆ ಅಂಚು. ಅದನ್ನು ಮೂಸೆಗೆ ಹಾಕಿದರೆ ದೊರೆಯುವುದು ಎರಡು ಮೂರು ತೊಲ ಬೆಳ್ಳಿಯ ಹಣ. ಹೋಗುವುದು ಮನೆತನದ ಒಬ್ಬ ಮನುಷ್ಯ. ಮಾರಲೇಬೇಕಾಗಿ ಬಂದರೂ ಪದಕವನ್ನು ಪದಕವಾಗಿಯೇ ಮಾರುವುದು ಲೇಸು. ಹೆಸರುಳ್ಳ ಪದಕಕ್ಕೆ ಸಂಗ್ರಾಹಕರು ಇದ್ದಾರೆ.

ನೋಡುವ ಕ್ರಮವೇನು? ಹಗಲಿನ ಬೆಳಕು, ಗಡಿಯಾರ ರಿಪೇರಿಯವರು ಬಳಸುವಂತಹ ಹತ್ತುಪಟ್ಟಿನ ಭೂತಗನ್ನಡಿ, ಮೆತ್ತನೆಯ ಒಣ ಬಟ್ಟೆ, ಇಷ್ಟು ಸಾಕು. ಉಂಗುರದ ಒಳಮೈ, ಡಾಬಿನ ಕೊಕ್ಕೆ, ಸರದ ಕೊನೆಯ ಕೊಂಡಿ, ಪೆಟ್ಟಿಗೆಯ ಮುಚ್ಚಳದ ಒಳಬದಿ, ಸೂಜಿಪದಕದ ಹಿಂಬದಿ, ಇವು ಮುದ್ರೆಗಳು ಅಡಗುವ ತಾವುಗಳು. ಮುದ್ರೆ ಮಸುಕಾಗಿದ್ದರೆ ಅದರ ಮೇಲೆ ಬಾಯಿಯ ಹಬೆಯನ್ನು ಊದಿ ನೋಡಿರಿ. ಗೆರೆಗಳು ಕ್ಷಣಕಾಲ ಎದ್ದು ಕಾಣುತ್ತವೆ. ಹುಣಿಸೆಹಣ್ಣು ಬೂದಿಗಳಿಂದ ಬಲವಾಗಿ ತಿಕ್ಕಬೇಡಿರಿ. ಇನ್ನೂರು ವರ್ಷ ಉಳಿದ ಸಿಂಹವನ್ನು ಇಪ್ಪತ್ತು ದೀಪಾವಳಿಗಳ ತಿಕ್ಕಾಟ ಅಳಿಸಿಹಾಕಬಲ್ಲದು.

ಮುದ್ರೆಯಿಲ್ಲದ ಗಟ್ಟಿ ಒಡವೆಗೆ ಮನೆಯಲ್ಲಿಯೇ ಮಾಡಬಹುದಾದ ಒಂದು ಪರೀಕ್ಷೆಯುಂಟು. ಗ್ರಾಂ ಲೆಕ್ಕದ ತಕ್ಕಡಿಯಲ್ಲಿ ಅದನ್ನು ಮೊದಲು ಗಾಳಿಯಲ್ಲಿ ತೂಗಿರಿ. ಬಳಿಕ ತಕ್ಕಡಿಯ ಮೇಲೆ ನೀರಿನ ಪಾತ್ರೆಯನ್ನಿಟ್ಟು ಅಂಕೆಯನ್ನು ಸೊನ್ನೆ ಮಾಡಿ, ಒಡವೆಯನ್ನು ದಾರದಲ್ಲಿ ತಳಕ್ಕೂ ಅಂಚಿಗೂ ತಾಗದಂತೆ ಮುಳುಗಿಸಿ ಹಿಡಿಯಿರಿ. ಈಗ ತೋರುವ ಅಂಕೆಯಿಂದ ಮೊದಲಿನ ತೂಕವನ್ನು ಭಾಗಿಸಿರಿ. ಶುದ್ಧ ಬೆಳ್ಳಿಯಾದರೆ 10.5, ಸ್ಟರ್ಲಿಂಗ್ ಆದರೆ 10.3ರ ಮೇಲೆ ಬರುತ್ತದೆ; ಜರ್ಮನ್ ಸಿಲ್ವರ್ ಒಂಬತ್ತನ್ನೂ ಮುಟ್ಟದು. ಉದಾಹರಣೆಗೆ 210 ಗ್ರಾಮಿನ ಶುದ್ಧ ಬೆಳ್ಳಿಯ ಕಡಗ ನೀರಿನಲ್ಲಿ 20 ಗ್ರಾಂ ತೋರಬೇಕು. ಆದರೆ ಒಳಗೆ ಪೊಳ್ಳಾಗಿದ್ದು ಅರಗು ತುಂಬಿದ ಕಡಗಗಳಿಗೆ ಈ ಲೆಕ್ಕ ನಡೆಯದು. ಅಯಸ್ಕಾಂತವನ್ನೂ ಬಹಳ ನಂಬಬಾರದು. ಅಂಟಿಕೊಂಡರೆ ಬೆಳ್ಳಿಯಲ್ಲವೆಂಬುದು ನಿಶ್ಚಯ, ಅಂಟದಿದ್ದರೆ ಏನೂ ನಿಶ್ಚಯವಿಲ್ಲ, ಏಕೆಂದರೆ ತಾಮ್ರ ಹಿತ್ತಾಳೆಗಳೂ ಅಂಟವು. ಆಮ್ಲದ ಪರೀಕ್ಷೆಯನ್ನು ಪತ್ತಾರರಿಗೇ ಬಿಡುವುದು ಕ್ಷೇಮ.

ನೂರು ವರ್ಷ ದಾಟಿದ ನಾಣ್ಯಗಳೂ ಕುಶಲವಸ್ತುಗಳೂ 1972ರ ಪುರಾವಸ್ತು ಕಾನೂನಿನ ವ್ಯಾಪ್ತಿಗೆ ಬರುತ್ತವೆ. ಅವನ್ನು ಖಾಸಗಿಯವರು ಪರದೇಶಕ್ಕೆ ಸಾಗಿಸುವಂತಿಲ್ಲ. ಮಗಳು ಅಮೇರಿಕೆಯಲ್ಲಿದ್ದಾಳೆಂದು ಮುತ್ತಜ್ಜಿಯ ಒಡವೆಗಳನ್ನು ಪೆಟ್ಟಿಗೆಯಲ್ಲಿ ಕಳಿಸುವ ಮುನ್ನ ಇದನ್ನು ವಿಚಾರಿಸಿಕೊಳ್ಳುವುದು ಉಚಿತ.

ಹೊಸ ಬೆಳ್ಳಿ ಕೊಳ್ಳುವವರಿಗೆ ಈಗ ನಮ್ಮ ದೇಶದಲ್ಲಿಯೂ ಮುದ್ರೆಯ ಅನುಕೂಲವಿದೆ. ಭಾರತೀಯ ಮಾನಕ ಬ್ಯೂರೋ ಬೆಳ್ಳಿಗೆ ಹಾಲ್‌ಮಾರ್ಕ್ ಹಾಕುವ ಯೋಜನೆಯನ್ನು 2005ರಲ್ಲಿ ಆರಂಭಿಸಿತು. 2025ರ ಸೆಪ್ಟೆಂಬರ್ 1ರಿಂದ, ಹಾಲ್‌ಮಾರ್ಕ್ ಮಾಡಿಸಿದ ಒಂದೊಂದು ಬೆಳ್ಳಿಯ ಒಡವೆಗೂ ಆರು ಅಕ್ಷರ ಅಂಕೆಗಳ ಪ್ರತ್ಯೇಕ ಸಂಕೇತ ಬಂದಿದೆ. ಬ್ಯೂರೋದ ಮೊಬೈಲ್ ಆ್ಯಪಿನಲ್ಲಿ ಅದನ್ನು ತಾಳೆ ನೋಡಬಹುದು. ಚಿನ್ನಕ್ಕೆ 2021ರಿಂದ ಜಿಲ್ಲೆ ಜಿಲ್ಲೆಗೆ ಕಡ್ಡಾಯವಾಗುತ್ತ ಬಂದ ಈ ನಿಯಮ ಬೆಳ್ಳಿಗೆ ಐಚ್ಛಿಕವಾಗಿಯೇ ಆರಂಭವಾಯಿತು. ಅಂದರೆ ಕೇಳಿದವರಿಗೆ ಮುದ್ರೆ. ಕೇಳದವರಿಗೆ ಬರಿಯ ಬೆಳ್ಳಿ. ಆದುದರಿಂದ ಸಂಕೋಚಪಡದೆ ಕೇಳಿರಿ.

ಆದರೆ ಈ ಸೀಮೆಯ ಹಳೆಯ ಬೆಳ್ಳಿಯಲ್ಲಿ ಹೆಚ್ಚಿನ ಪಾಲಿಗೆ ಸಿಂಹವಿಲ್ಲ, ಕರಡಿಯಿಲ್ಲ, ಅಕ್ಷರವಿಲ್ಲ. ಅದರ ಗುರುತು ಇದ್ದದ್ದು ಪತ್ತಾರನ ಮುಖದಲ್ಲಿ, ಮನೆಯ ಹಿರಿಯಳ ನೆನಪಿನಲ್ಲಿ. ಆಲಮಟ್ಟಿಯ ಹಿನ್ನೀರಿಗಾಗಿ ಹಳೆಯ ಬಾಗಲಕೋಟೆಯ ಓಣಿಗಳು ತೆರವಾಗಿ ಜನ ನವನಗರಕ್ಕೆ ಹೋದರು, ಪತ್ತಾರರೂ ಚದರಿದರು. ಪೆಟ್ಟಿಗೆಗಳು ದಾಟಿ ಬಂದವು, ಪರಿಚಯ ದಾಟಿ ಬರಲಿಲ್ಲ. ಮನೆಯಲ್ಲಿ ಇನ್ನೂ ಎಂಬತ್ತು ದಾಟಿದ ಹಿರಿಯರಿದ್ದರೆ ಈ ವಾರವೇ ಪೆಟ್ಟಿಗೆಯನ್ನು ಅವರ ಮುಂದೆ ತೆರೆಯಿರಿ. ಒಂದೊಂದು ಒಡವೆಯನ್ನೂ ಅವರ ಕೈಗೆ ಕೊಟ್ಟು ಕೇಳಿರಿ: ಇದನ್ನು ಮಾಡಿದ ಪತ್ತಾರ ಯಾರು, ಯಾವ ಊರಿನವನು, ಯಾರ ಮದುವೆಗೆ ಮಾಡಿದ್ದು, ಮೊದಲು ತೊಟ್ಟವರು ಯಾರು. ಅವರು ಹೇಳಿದ್ದನ್ನು, ತೂಕವನ್ನೂ ಸೇರಿಸಿ, ಒಂದು ಚೀಟಿಯಲ್ಲಿ ಬರೆದು ಆ ಒಡವೆಯ ಜೊತೆಗೇ ಕಟ್ಟಿಡಿರಿ. ಪೆನ್ಸಿಲಿನಲ್ಲಿ ಬರೆದರೆ ಒಳ್ಳೆಯದು. ಶಾಯಿ ಹರಡೀತು, ಪೆನ್ಸಿಲು ನಿಂತೀತು.